ಮೀನಖಂಡವೂ ಸ್ನಾಯುವೂ: ಶರೀರಪಾಠದ ಗದ್ಯವನ್ನು ಕುರಿತು

ಶಾಲೆಯ ವಿಜ್ಞಾನಪಾಠವು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶೆಗೆ ತಕ್ಕ ವಸ್ತುವೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕಾವ್ಯ, ಕತೆ, ನಾಟಕಗಳನ್ನು ತೂಗಿ ನೋಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಉಂಟು. ಮಕ್ಕಳು ದಿನದಿನವೂ ಓದುವ ಗದ್ಯವನ್ನು ತೂಗುವವರು ವಿರಳ. ಆದರೆ ಗಡಿಯಾಚೆಯ ಕನ್ನಡ ಶಾಲೆಯೊಂದರಲ್ಲಿ ಹತ್ತು ವರ್ಷ ಓದಿದ ಹುಡುಗನ ಕಣ್ಣಿಗೆ ಬಿದ್ದ ಕನ್ನಡದಲ್ಲಿ ಕವಿತೆಯ ಪಾಲೆಷ್ಟು, ಸಮಾಜ ವಿಜ್ಞಾನಗಳ ಪಾಠದ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ, ಈ ಎರಡನೆಯದೇ ಎಷ್ಟೋ ಪಟ್ಟು ಹೆಚ್ಚು. ಅವನ ಪಾಲಿಗೆ ಕನ್ನಡ ಗದ್ಯವೆಂದರೆ ಇದೇ. ಈ ಗದ್ಯ ಸತ್ವಹೀನವಾದರೆ ಕನ್ನಡವೇ ಸತ್ವಹೀನವೆಂದು ಅವನು ತಿಳಿಯುವನು. ಆದುದರಿಂದ ಈ ಬರಹದಲ್ಲಿ ಒಂದೇ ಒಂದು ಪಾಠವನ್ನು, ಎಲುಬು ಮತ್ತು ಮಾಂಸಖಂಡಗಳ ಪಾಠವನ್ನು, ಗದ್ಯವೆಂದೇ ಬಗೆದು ಪರೀಕ್ಷಿಸಲು ಹೊರಟಿದ್ದೇನೆ.

ಇದಕ್ಕೆ ಪ್ರೇರಣೆ ನನ್ನದೇ ತರಗತಿಯಲ್ಲಿ ನಡೆದ ಒಂದು ಸಂಗತಿ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಆಟದ ಹೊತ್ತಿನಲ್ಲಿ ಪಾಗಾರದಿಂದ ಬಿದ್ದು ಕೈಯೂರಿದನು. ಕೈ ಬಾತಿತು. ಮನೆಯ ಹಿರಿಯರು, “ಮಾಸ್ಟ್ರೇ, ನರ ಉಳುಕಿದ್ದಷ್ಟೆ, ಎಣ್ಣೆ ಹಚ್ಚಿ ತಿಕ್ಕಿದರೆ ಸರಿಯಾಗ್ತದೆ” ಎಂದರು. ನಾನೂ ತಲೆದೂಗಿದೆ. ಹತ್ತು ದಿನ ತಿಕ್ಕಿದ ಮೇಲೆ ಪೇಟೆಯ ವೈದ್ಯರ ಬಳಿಗೆ ಹೋದಾಗ ಎಲುಬು ಮುರಿದಿದೆಯೆಂದು ತಿಳಿಯಿತು. ಮಕ್ಕಳ ಎಲುಬು ಹಸಿ ಕೋಲಿನಂತೆ. ಒಣಗಿದ ಕಡ್ಡಿಯ ಹಾಗೆ ಲಟಕ್ಕೆಂದು ಎರಡಾಗದೆ, ಒಂದು ಮಗ್ಗುಲಲ್ಲಿ ಸೀಳಿ ಇನ್ನೊಂದು ಮಗ್ಗುಲಲ್ಲಿ ಬಾಗಿ ನಿಲ್ಲುವುದುಂಟು. ಆದ್ದರಿಂದಲೇ ಕಣ್ಣಿಗೆ ಮುರಿತವೆಂದು ತೋರದೆ ಮೋಸಗೊಳಿಸುತ್ತದೆ. ಕೂಡಿಕೊಳ್ಳತೊಡಗಿದ್ದ ಎಲುಬು ಓರೆಯಾಗಿಯೇ ಕೂಡಿತು. ಆ ಕೈ ಇಂದಿಗೂ ಪೂರ್ತಿಯಾಗಿ ಮೇಲ್ಮುಖವಾಗಿ ತಿರುಗದು. ನನ್ನನ್ನು ಚುಚ್ಚಿದ್ದು ಇದು: ಆ ಅಪಘಾತಕ್ಕೆ ನಾಲ್ಕು ತಿಂಗಳ ಮುಂಚೆ ನಾನೇ ಆ ಪಾಠವನ್ನು ಮಾಡಿದ್ದೆ, ಮನುಷ್ಯನ ದೇಹದಲ್ಲಿ ೨೦೬ ಎಲುಬುಗಳಿವೆಯೆಂದು ಬರೆದು ಆ ಹುಡುಗನು ಪೂರ್ಣ ಅಂಕ ಪಡೆದಿದ್ದನು. ಎಣಿಕೆ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಲುಬಾವುದು, ನರವಾವುದು, ಕೀಲಿನ ಕಟ್ಟಾವುದು ಎಂಬ ಭೇದ ಮಾತ್ರ ಇಬ್ಬರ ಮೈಯಲ್ಲಿಯೂ ಇಳಿದಿರಲಿಲ್ಲ.

ತಪ್ಪು ಎಲ್ಲಿ? ವಿಷಯದಲ್ಲಿ ತಪ್ಪಿರಲಿಲ್ಲ. ತಪ್ಪು ಗದ್ಯದಲ್ಲಿತ್ತು ಎಂಬುದು ನನ್ನ ವಾದ.

ಮೊದಲು ಒಂದು ಶಬ್ದವನ್ನೇ ತೆಗೆದುಕೊಳ್ಳೋಣ. ನಮ್ಮ ಪಾಠಗಳಲ್ಲಿ ಮಾಂಸಖಂಡಕ್ಕೆ ‘ಸ್ನಾಯು’ ಎಂಬ ಹೆಸರು ನೆಲೆನಿಂತಿದೆ. ಸಂಸ್ಕೃತದಿಂದ ಬಂದ ಈ ಶಬ್ದಕ್ಕೆ ಅಲ್ಲಿ ಆ ಅರ್ಥವಿರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂದು ಹೆಸರು. ಅವು ೫೦೦ ಎಂದು ಎಣಿಕೆ. ‘ಸ್ನಾಯು’ ಎಂದರೆ ಕಟ್ಟುವ ನಾರು, ಬಂಧ, ಅವು ೯೦೦. ಕವಲೊಡೆದವು, ದುಂಡಾದವು, ಅಗಲವಾದವು, ಪೊಳ್ಳಾದವು ಎಂದು ಅವುಗಳಲ್ಲಿ ನಾಲ್ಕು ಬಗೆ. ದುಂಡಾದವುಗಳಿಗೆ ‘ಕಂಡರಾ’ ಎಂಬ ಬೇರೆ ಹೆಸರೂ ಉಂಟು. ಎಲುಬನ್ನು ಎಲುಬಿಗೆ ಬಿಗಿಯುವುದು, ಮಾಂಸವನ್ನು ಎಲುಬಿಗೆ ಬಿಗಿಯುವುದು, ಇವೆಲ್ಲ ‘ಸ್ನಾಯು’ವಿನ ಕೆಲಸವೆಂದು ಪ್ರಾಚೀನರು ಬಗೆದಂತೆ ಕಾಣುತ್ತದೆ.

ಈ ಶಬ್ದಗಳು ದೇಶಭಾಷೆಗಳಿಗೆ ಹರಿದು ಬಂದಾಗ ಒಂದೊಂದು ಸೀಮೆಯಲ್ಲಿ ಒಂದೊಂದು ಅಂಗಕ್ಕೆ ಅಂಟಿಕೊಂಡವು. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸ್ನಾಯುವೆಂದರೆ ಮಾಂಸಖಂಡ. ಮಲಯಾಳದಲ್ಲಿ ಮಾಂಸಖಂಡವು ‘ಪೇಶಿ’ಯೇ, ‘ಸ್ನಾಯು’ ಎಂದರೆ ಎಲುಬುಗಳನ್ನು ಕಟ್ಟುವ ಬಂಧ. ಬಂಗಾಳಿಯಲ್ಲಿ ಅದೇ ಶಬ್ದಕ್ಕೆ ನರವೆಂದು ಅರ್ಥ. ತೆಲುಗಿನಲ್ಲಿ ಮಾಂಸಖಂಡವನ್ನು ‘ಕಂಡರಮು’ ಎನ್ನುತ್ತಾರೆ; ಸುಶ್ರುತನ ಕಂಡರೆಯಾದರೋ ದುಂಡನೆಯ ಹುರಿ. ತಮಿಳು ಈ ಗೊಂದಲದಿಂದ ದೂರ ನಿಂತು ‘ತಸೈ’ ಎಂಬ ತನ್ನ ಮಾತನ್ನೇ ಉಳಿಸಿಕೊಂಡಿದೆ. ಮಾಂಸವನ್ನು ಎಲುಬಿಗೆ ಕಟ್ಟುವ ಹುರಿಗೆ ಅಲ್ಲಿ ‘ತಸೈನಾಣ್’ ಎಂದು ಹೆಸರು. ನಾಣ್ ಎಂದರೆ ಬಿಲ್ಲಿನ ಹೆದೆ. ಸೆಳೆತವನ್ನು ಹೊರುವ ಹುರಿಗೆ ಹೆದೆಯೆಂಬ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ವಾಚಕರೇ ನೋಡಲಿ.

ಬೆಂಗಳೂರಿನ ಹುಡುಗನಿಗೆ ಇದರಿಂದ ತೊಂದರೆಯಿಲ್ಲ. ಆದರೆ ಕಾಸರಗೋಡಿನ ನಮ್ಮ ಹುಡುಗನು ಬೆಳಗ್ಗೆ ಕನ್ನಡ ಪಾಠದಲ್ಲಿ ‘ಸ್ನಾಯು’ ಎಂದರೆ ಮಾಂಸಖಂಡವೆಂದು ಕಲಿತು, ಸಂಜೆ ಆಸ್ಪತ್ರೆಯಲ್ಲಿ ಅದೇ ಶಬ್ದವನ್ನು ಕೀಲಿನ ಬಂಧವೆಂಬ ಅರ್ಥದಲ್ಲಿ ಕೇಳುತ್ತಾನೆ. ಆದವಾನಿಯ ಹುಡುಗನು ಪಕ್ಕದ ಮನೆಯ ಗೆಳೆಯನ ಪುಸ್ತಕದಲ್ಲಿ ‘ಕಂಡರಮು’ ಎಂದು ಓದಿ, ಮನೆಯ ಕನ್ನಡ ನಿಘಂಟಿನಲ್ಲಿ ಹುಡುಕಿದರೆ ಬೇರೆ ಅರ್ಥ ಸಿಕ್ಕುತ್ತದೆ. ಸೊಲ್ಲಾಪುರದವನಿಗೆ ಮಾತ್ರ ಎರಡು ಭಾಷೆಯೂ ಒಂದೇ ಮಾತನ್ನಾಡುತ್ತವೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಗ್ರೀಕರ ‘ನ್ಯೂರಾನ್’ ಎಂಬ ಶಬ್ದ ಮೊದಲು ಬಿಲ್ಲಿನ ಹೆದೆಗೂ ಮೈಯ ನಾರಿಗೂ ಸಲ್ಲುತ್ತಿದ್ದು, ಆಮೇಲೆ ನರಕ್ಕೆ ಮೀಸಲಾಯಿತು. ಬಿಳಿದಾಗಿ ಎಳೆಯೆಳೆಯಾಗಿರುವುದೆಲ್ಲ ಒಂದೇ ಎಂದು ಮೊದಲು ಕಣ್ಣಿಗೆ ತೋರುವುದು ಸಹಜ. ನಮ್ಮ ಮನೆಮಾತಿನ ‘ನರ’ವೂ ಹಾಗೆಯೇ, ರಕ್ತನಾಳ, ನರ, ಹುರಿ, ಕೀಲಿನ ಕಟ್ಟು, ಎಲ್ಲವೂ ಆ ಒಂದೇ ಶಬ್ದದಲ್ಲಿ ಅಡಗಿವೆ. ಆ ಹುಡುಗನ ಕೈಯನ್ನು ಕೆಡಿಸಿದ್ದೂ ಅದೇ ಅಡಗುವಿಕೆ. ಶಬ್ದವು ಹೀಗೆ ಅಲೆದಾಡುವಾಗ ಅದನ್ನು ಅಂಗಕ್ಕೆ ಕಟ್ಟಿ ನಿಲ್ಲಿಸುವ ಹೊಣೆ ವಾಕ್ಯದ್ದು. ನಮ್ಮ ಪಾಠದ ವಾಕ್ಯ ಈ ಹೊಣೆಯನ್ನು ಹೊತ್ತಿದೆಯೆ?

“ಸ್ನಾಯುಗಳು ದೇಹದ ಚಲನೆಗೆ ಸಹಾಯ ಮಾಡುತ್ತವೆ.” ಇಂಥ ವಾಕ್ಯವನ್ನು ನಾವೆಲ್ಲರೂ ಕರಿಹಲಗೆಯ ಮೇಲೆ ಬರೆದವರೇ. ವ್ಯಾಕರಣದಲ್ಲಿ ಕುಂದಿಲ್ಲ, ವಿಷಯದಲ್ಲಿ ಸುಳ್ಳಿಲ್ಲ. ಆದರೆ ಇದರ ಕ್ರಿಯಾಪದವನ್ನು ನೋಡಿರಿ. ‘ಸಹಾಯ ಮಾಡು’ ಎಂಬುದು ಯಾವ ಕೆಲಸ? ಎಲುಬೂ ಸಹಾಯ ಮಾಡುತ್ತದೆ, ನರವೂ ಸಹಾಯ ಮಾಡುತ್ತದೆ, ಉಂಡ ಅನ್ನವೂ ಸಹಾಯ ಮಾಡುತ್ತದೆ. ಮಾಂಸಖಂಡಕ್ಕೆ ಅದರದೇ ಆದ ಒಂದು ಕೆಲಸವುಂಟು, ಅದು ಎಳೆಯುತ್ತದೆ. ಎಳೆಯುವುದೊಂದನ್ನೇ ಅದು ಬಲ್ಲುದು, ತಳ್ಳಲಾರದು. ‘ಎಳೆ’ ಎಂಬ ಎರಡಕ್ಷರದ ಕನ್ನಡ ಧಾತುವನ್ನು ಬಿಟ್ಟು ‘ಸಹಾಯ ಮಾಡು’ ಎಂದ ಕೂಡಲೇ ಪಾಠದ ಜೀವವೇ ಹೋಗುತ್ತದೆ. ಎಳೆಯಬಲ್ಲುದು, ತಳ್ಳಲಾರದು ಎಂದು ತಿಳಿದ ಮಗುವಿಗೆ ಮುಂದಿನದು ತಾನಾಗಿ ಹೊಳೆಯುತ್ತದೆ: ಮಡಿಸುವುದಕ್ಕೆ ಒಂದು ಮಾಂಸ ಬೇಕಾದರೆ ಬಿಡಿಸುವುದಕ್ಕೆ ಎದುರು ಬದಿಯಲ್ಲಿ ಇನ್ನೊಂದು ಬೇಕು. ರಟ್ಟೆಯ ಮುಂಬದಿಯ ಮಾಂಸ ಮೊಣಕೈಯನ್ನು ಮಡಿಸಿದರೆ, ಹಿಂಬದಿಯದು ಚಾಚುತ್ತದೆ. ಜೋಡಿಯ ತತ್ತ್ವವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕ್ರಿಯಾಪದದಿಂದ ಅದು ಹುಟ್ಟುತ್ತದೆ.

ಕನ್ನಡದಲ್ಲಿ ಇದಕ್ಕೆ ತಕ್ಕ ಶಬ್ದಸಂಪತ್ತಿಲ್ಲವೆನ್ನುವವರಿಗೆ ನಾನು ‘ಮೀನಖಂಡ’ವನ್ನು ತೋರಿಸುವೆನು. ಮೊಣಕಾಲಿನ ಕೆಳಗೆ, ಕಾಲಿನ ಹಿಂಬದಿಯಲ್ಲಿ ಉಬ್ಬಿ ನಿಲ್ಲುವ ಮಾಂಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರದು. ನಡುವೆ ದಪ್ಪ, ಎರಡು ತುದಿಗಳಲ್ಲಿ ಸಪೂರ, ಚರ್ಮದಡಿಯಲ್ಲಿ ನೀರಿನಲ್ಲಿ ಹೊರಳಿದಂತೆ ಹೊರಳುವ ವಸ್ತು. ಮೀನೆಂದು ಕರೆದವನು ಅದನ್ನು ಮುಟ್ಟಿ ನೋಡಿದ್ದನು. ತಮಿಳರು ಅದೇ ಅಂಗವನ್ನು ‘ಕೆಂಡೈಕ್ಕಾಲ್’ ಎನ್ನುತ್ತಾರೆ. ಕೆಂಡೈ ಒಂದು ಜಾತಿಯ ಮೀನು. ಲ್ಯಾಟಿನ್ನಿನವರಿಗೆ ಮಾಂಸಖಂಡದ ಹೊರಳಾಟದಲ್ಲಿ ಇಲಿ ಕಂಡಿತು. ‘ಮಸ್ಕ್ಯುಲಸ್’ ಎಂದರೆ ಸಣ್ಣ ಇಲಿ, ಇಂಗ್ಲಿಷಿನ ‘ಮಸಲ್’ ಬಂದದ್ದು ಅದರಿಂದ. ಹೀಗೆ ಮೂರು ಸೀಮೆಯ ಜನ ಮೂರು ಕಡೆ ಕುಳಿತು ಒಂದೇ ಕೆಲಸ ಮಾಡಿದರು: ಮೈಯನ್ನು ಮುಟ್ಟಿ, ಅದರ ಚಲನವನ್ನು ಕಂಡು, ಹೆಸರಿಟ್ಟರು. ಇದು ಒಳ್ಳೆಯ ಪರಿಭಾಷೆಯ ಲಕ್ಷಣ.

ಆದರೆ ವಿಮರ್ಶಕನು ಮೆಚ್ಚಿದ್ದನ್ನೂ ಒರೆಗೆ ಹಚ್ಚಬೇಕು. ಮೀನಖಂಡವೆಂಬ ಹೆಸರು ಆಕಾರವನ್ನೂ ಚಲನವನ್ನೂ ಹೇಳುತ್ತದೆ, ಕೆಲಸವನ್ನು ಹೇಳುವುದಿಲ್ಲ. ಮೀನು ಯಾವುದನ್ನೂ ಎಳೆಯದು. ಆದ್ದರಿಂದ ಪಾಠವು ಇಲ್ಲಿಂದ ಮುಂದುವರಿಯಬೇಕು. ಆ ಮೀನಿನ ತಲೆ ಎರಡು ಕವಲಾಗಿ ತೊಡೆಯೆಲುಬಿನ ಕೆಳತುದಿಯನ್ನು ಮೊಣಕಾಲಿನ ಹಿಂದೆ ಕಚ್ಚಿಕೊಂಡಿದೆ. ಅದರ ಅಡಿಯಲ್ಲಿ ಚಪ್ಪಟೆಯಾದ ಇನ್ನೊಂದು ಮಾಂಸವಿದೆ. ಎರಡರ ಬಾಲವೂ ಕೂಡಿ ದಪ್ಪನೆಯ ಹುರಿಯಾಗಿ ಹಿಮ್ಮಡಿಯ ಎಲುಬಿಗೆ ಬಿಗಿದಿದೆ. ಮೈಯಲ್ಲಿರುವ ಇಂಥ ಹುರಿಗಳಲ್ಲೆಲ್ಲ ಅದೇ ಅತಿ ದಪ್ಪನಾದದ್ದು. ಹುಡುಗನು ಎದ್ದು ನಿಂತು ಕೈಯಿಂದ ಮೀನಖಂಡವನ್ನು ಹಿಡಿದುಕೊಂಡು ತುದಿಗಾಲಿನ ಮೇಲೆ ಏಳಲಿ. ಮೀನು ಗಟ್ಟಿಯಾಗಿ ಮೇಲಕ್ಕೆ ಸರಿಯುತ್ತದೆ. ಹಿಂದಿನ ಹುರಿ ಹೆದೆಯಂತೆ ಬಿಗಿಯುತ್ತದೆ. ಹಿಮ್ಮಡಿ ನೆಲ ಬಿಡುತ್ತದೆ. ಮಾಂಸ, ಹುರಿ, ಎಲುಬು, ಈ ಮೂರೂ ಒಂದೇ ಕ್ಷಣದಲ್ಲಿ ಅವನ ಕೈಗೆ ಸಿಕ್ಕಿದವು. ಇನ್ನು ಮುಂದೆ ಹುರಿಯನ್ನು ಪರೀಕ್ಷೆಗಾಗಿ ‘ಸ್ನಾಯುರಜ್ಜು’ ಎಂದು ಕರೆದರೂ ಚಿಂತೆಯಿಲ್ಲ.

ಶಬ್ದದಿಂದ ಉಪಮೆಗೆ ಬರೋಣ. ಶರೀರವನ್ನು ವರ್ಣಿಸುವವರು ಉಪಮೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರರು. ನಮ್ಮ ಪಾಠಗಳಲ್ಲಿ ಪದೇ ಪದೇ ಬರುವುದು ಮನೆಯ ಉಪಮೆ: ಮನೆಗೆ ಕಂಬ ತೊಲೆಗಳಿದ್ದಂತೆ ಮೈಗೆ ಎಲುಬು. ಇದು ಹಳೆಯ ಉಪಮೆ, ದೊಡ್ಡವರ ಉಪಮೆ. ಪಾದುವಾ ನಗರದಲ್ಲಿ ಶರೀರಶಾಸ್ತ್ರವನ್ನು ಬೋಧಿಸುತ್ತಿದ್ದ ಆಂಡ್ರಿಯಾಸ್ ವೆಸಾಲಿಯಸ್ ೧೫೪೩ರಲ್ಲಿ ಪ್ರಕಟಿಸಿದ ‘ಫ್ಯಾಬ್ರಿಕಾ’ ಎಂಬ ಮಹಾಗ್ರಂಥದ ಮೊದಲ ಭಾಗದಲ್ಲಿ ಎಲುಬುಗಳನ್ನು ಮನೆಯ ಗೋಡೆ ತೊಲೆಗಳಿಗೂ, ಡೇರೆಯ ಕಂಬಗಳಿಗೂ, ಹಡಗಿನ ಪಕ್ಕೆಗಳಿಗೂ ಹೋಲಿಸಿದ್ದಾನೆ. ಅವನಿಗಿಂತ ಎಷ್ಟೋ ಶತಮಾನ ಹಿಂದೆ ಸುಶ್ರುತಸಂಹಿತೆಯು ಎಲುಬನ್ನು ಮರದ ಒಳಗಿನ ತಿರುಳಿಗೆ ಹೋಲಿಸಿತು; ಸ್ನಾಯುಗಳಿಂದ ಬಿಗಿದ ಕೀಲುಗಳ ಮೈಯನ್ನು, ಹಲಗೆಗಳನ್ನು ಹಗ್ಗಗಳಿಂದ ಕಟ್ಟಿ ಭಾರ ಹೊರುವಂತೆ ಮಾಡಿದ ದೋಣಿಗೆ ಹೋಲಿಸಿತು.

ಈ ಉಪಮೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕೀಲಿನ ಮಟ್ಟಿಗೆ ದೋಣಿಯೇ ಮೇಲು ಎಂದು ನನಗೆ ತೋರುತ್ತದೆ. ಮನೆಯ ತೊಲೆ ಅಲುಗಿದರೆ ಕೇಡು. ನಮ್ಮ ಪಡುವಣ ಕರಾವಳಿಯಲ್ಲಿ ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ದೋಣಿ ಅಲೆಯ ಹೊಡೆತಕ್ಕೆ ತುಸು ಬಾಗಿಕೊಡುತ್ತಿತ್ತು; ಬಾಗಿಕೊಡುವುದರಿಂದಲೇ ಒಡೆಯದೆ ಉಳಿಯುತ್ತಿತ್ತು. ಮಂಡಿಯ ಕೀಲೂ ಹಾಗೆ. ಅಲ್ಲಿನ ಬಂಧಗಳು ಬಿಗಿಯಾಗಿಯೂ ಇರಬೇಕು, ಮಡಿಸಲು ಬಿಡಬೇಕು. ಕಲ್ಲಿನ ಮೇಲೆ ಕಾಲಿಟ್ಟು ಪಾದ ಒಳಮಗ್ಗುಲಿಗೆ ಹೊರಳಿದಾಗ ಹರಡಿನ ಹೊರಬದಿಯಲ್ಲಿ ಹಿಗ್ಗಿ ಹರಿಯುವುದು ಈ ಬಂಧದ ಎಳೆಗಳೇ. ನಾವು ‘ಉಳುಕು’ ಎನ್ನುವುದು ಹೆಚ್ಚಾಗಿ ಇದನ್ನು. ಅದು ನರವಲ್ಲ, ದೋಣಿಯ ಹೊಲಿಗೆ. ಹೀಗೆ ಹೇಳಿದರೆ ಮಗುವಿಗೆ ಇನ್ನೊಂದೂ ತಿಳಿಯುತ್ತದೆ: ಹರಿದ ಹೊಲಿಗೆಯನ್ನು ಕೂಡಲೇ ತಿಕ್ಕಬಾರದು, ಎಳೆಯಬಾರದು; ಹಲಗೆ ಬಿರಿದಿದೆಯೋ ಎಂದು ಮೊದಲು ಬಲ್ಲವರಿಗೆ ತೋರಿಸಬೇಕು.

ಮನೆಯ ಉಪಮೆಗೆ ಇದಕ್ಕಿಂತ ದೊಡ್ಡ ದೋಷವೊಂದುಂಟು. ಅದು ಎಲುಬನ್ನು ಸತ್ತ ವಸ್ತುವಾಗಿ ಕಾಣಿಸುತ್ತದೆ. ಕಂಬವು ನೆಟ್ಟ ದಿನದಿಂದ ಹಳೆಯದಾಗುತ್ತ ಹೋಗುತ್ತದೆ. ಎಲುಬಿನೊಳಗಾದರೋ ಕೆಡಹುವ ಕಣಗಳೂ ಕಟ್ಟುವ ಕಣಗಳೂ ಹಗಲಿರುಳು ದುಡಿಯುತ್ತಿವೆ. ಬೆಳೆದವರ ಎಲುಬುಗೂಡಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಪ್ರತಿವರ್ಷವೂ ಹೊಸದಾಗುತ್ತದೆ. ಮೈಯ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ನೂರಕ್ಕೆ ೯೯ ಪಾಲು ಎಲುಬು ಹಲ್ಲುಗಳಲ್ಲಿಯೇ ಕೂಡಿಟ್ಟಿದೆ. ರಕ್ತದಲ್ಲಿ ಅದು ಕಡಿಮೆಯಾದರೆ ಎಲುಬು ತನ್ನ ಕಣಜದಿಂದ ತೆಗೆದು ಕೊಡುತ್ತದೆ. ಪಕ್ಕೆಲುಬು, ಎದೆಯೆಲುಬು, ಬೆನ್ನೆಲುಬು, ಸೊಂಟದ ಎಲುಬುಗಳ ಒಳಗಿನ ಕೆಂಪು ಮಜ್ಜೆಯಲ್ಲಿ ಒಂದೊಂದು ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಯಾವ ಮನೆಯ ತೊಲೆ ಇದನ್ನೆಲ್ಲ ಮಾಡೀತು? ಜರ್ಮನಿಯ ಶಸ್ತ್ರವೈದ್ಯನಾದ ಯೂಲಿಯುಸ್ ವೋಲ್ಫ್ ೧೮೯೨ರಲ್ಲಿ ಇನ್ನೂ ಮುಂದೆ ಹೋಗಿ, ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ತಿದ್ದಿಕೊಳ್ಳುತ್ತದೆಯೆಂದು ಸಾರಿದನು. ಭಾರವಿಲ್ಲದ ಆಕಾಶಯಾನದಲ್ಲಿ ತಿಂಗಳುಗಟ್ಟಲೆ ಇದ್ದವರ ಸೊಂಟ ಬೆನ್ನುಗಳ ಎಲುಬು, ತಕ್ಕ ವ್ಯಾಯಾಮವಿಲ್ಲದಿದ್ದರೆ ತಿಂಗಳಿಗೆ ನೂರಕ್ಕೆ ೧ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಸವೆಯುವುದು ಈ ಮಾತಿಗೆ ಸಾಕ್ಷಿ. ಭಾರ ಹೊರದ ಕಂಬ ಹೆಚ್ಚು ಕಾಲ ಬಾಳುತ್ತದೆ. ಭಾರ ಹೊರದ ಎಲುಬು ಕುಂದುತ್ತದೆ. ಸುಶ್ರುತನ ಮರದ ಉಪಮೆಯಲ್ಲಿ ಎಲುಬು ಬೆಳೆಯುವ ವಸ್ತುವೊಂದರ ಒಳಗಿದೆ ಎಂಬ ಸೂಚನೆಯಾದರೂ ಇತ್ತು. ಮನೆಯ ಉಪಮೆಯನ್ನು ಹಿಡಿದ ನಾವು ಅದನ್ನೂ ಕಳೆದುಕೊಂಡೆವು.

ಇಲ್ಲಿ ವೆಸಾಲಿಯಸನಿಗೆ ನ್ಯಾಯ ಸಲ್ಲಿಸಬೇಕು. ಅವನ ಉಪಮೆ ಮನೆಯದಾದರೂ ಅವನ ಗ್ರಂಥದ ಚಿತ್ರಗಳು ಬೇರೆಯೇ ಮಾತನ್ನಾಡುತ್ತವೆ. ಅಲ್ಲಿನ ಎಲುಬುಗೂಡು ಬಯಲಿನಲ್ಲಿ ಗುದ್ದಲಿಯನ್ನೂರಿ ನಿಂತಿದೆ; ಇನ್ನೊಂದು, ಕಟ್ಟೆಯ ಮೇಲೆ ಮೊಣಕೈಯೂರಿ ತಲೆಬುರುಡೆಯೊಂದನ್ನು ನೋಡುತ್ತ ಯೋಚನೆಯಲ್ಲಿ ಮುಳುಗಿದೆ. ಚರ್ಮ ಸುಲಿದ ಮಾಂಸಪುರುಷರು ಊರು ಗುಡ್ಡಗಳ ಮುಂದೆ ಹೆಜ್ಜೆಯಿಡುವ ಭಂಗಿಯಲ್ಲಿದ್ದಾರೆ. ಎಲುಬಿಗೆ ಅವನು ಕೊಟ್ಟದ್ದು ಒಂದು ಕ್ರಿಯಾಪದವನ್ನು. ನಮ್ಮ ತರಗತಿಯ ಗೋಡೆಯ ಮೇಲಿನ ಎಲುಬುಗೂಡು ಮೊಳೆಗೆ ತೂಗುಹಾಕಿದಂತೆ ಕೈ ಇಳಿಬಿಟ್ಟು ನಿಂತಿರುತ್ತದೆ. ಅದರ ಸುತ್ತ ಹೆಸರುಗಳ ಗೆರೆಗಳು. ಅದು ಏನನ್ನೂ ಮಾಡುತ್ತಿಲ್ಲ. ಮಕ್ಕಳು ಅದನ್ನು ಕಂಡು ಹೆದರುವರು, ಇಲ್ಲವೆ ನಗುವರು; ಅದು ತಮ್ಮೊಳಗೇ ಇದೆಯೆಂದು ಮಾತ್ರ ನಂಬರು.

ಮಾಂಸದ ಕೆಲಸವನ್ನು ಹೇಳುವ ಉಪಮೆ ಯಾವುದು? ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಮಕ್ಕಳು ಯಕ್ಷಗಾನದ ಸೂತ್ರದ ಬೊಂಬೆಯಾಟವನ್ನು ಬಲ್ಲರು. ಸೂತ್ರ ಎಳೆಯಬಲ್ಲುದು, ತಳ್ಳಲಾರದು. ಬೊಂಬೆಯ ಕೈ ಒಂದೆಡೆ, ಆಡಿಸುವವನ ಕೈ ಇನ್ನೊಂದೆಡೆ. ನಮ್ಮ ಬೆರಳುಗಳನ್ನು ಮಡಿಸಿ ಬಿಡಿಸುವ ದೊಡ್ಡ ಮಾಂಸಗಳೂ ಬೆರಳಿನಲ್ಲಿಲ್ಲ, ಮುಂದೋಳಿನಲ್ಲಿವೆ. ಅಲ್ಲಿಂದ ಉದ್ದನೆಯ ಹುರಿಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಬರುತ್ತವೆ. ಒಂದು ಕೈಯಿಂದ ಇನ್ನೊಂದರ ಮುಂದೋಳನ್ನು ಹಿಡಿದು ಬೆರಳಾಡಿಸಿದರೆ ಆಡಿಸುವವನು ಎಲ್ಲಿ ಕುಳಿತಿದ್ದಾನೆಂಬುದು ತಿಳಿಯುತ್ತದೆ. ಆದರೆ ಈ ಉಪಮೆಯೂ ಒಂದೆಡೆ ತಡವರಿಸುತ್ತದೆ. ಸೂತ್ರ ಸಡಿಲವಾದಾಗ ಬೊಂಬೆಯ ಕೈ ತನ್ನ ಭಾರದಿಂದ ಕೆಳಗೆ ಬೀಳುತ್ತದೆ. ನಮ್ಮ ಕೈಯನ್ನು ಇಳಿಸುವುದಕ್ಕೂ ತಡೆಯುವುದಕ್ಕೂ ಮಾಂಸವಿದೆ. ತಡವರಿಸುವ ಈ ಜಾಗವನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಪಾಠ ಅಲ್ಲಿಯೇ ಮುಂದಕ್ಕೆ ಹೆಜ್ಜೆಯಿಡುತ್ತದೆ. ಉಪಮೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂದು ಹೇಳುವುದು ವಿಜ್ಞಾನಗದ್ಯದ ಧರ್ಮ.

ಸನ್ನೆಕೋಲಿನ ಮಾತೂ ಇಲ್ಲಿ ಬರಬೇಕು. ಇಟಲಿಯ ಬೊರೆಲ್ಲಿ ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥ ಅವನು ತೀರಿಕೊಂಡ ಮೇಲೆ ೧೬೮೦ ಮತ್ತು ೧೬೮೧ರಲ್ಲಿ ಪ್ರಕಟವಾಯಿತು. ಮಾಂಸಖಂಡವು ಕೀಲಿಗೆ ತೀರ ಹತ್ತಿರದಲ್ಲಿ ಹಿಡಿದು ಎಳೆಯುವುದರಿಂದ, ನಾವು ಎತ್ತುವ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬಲವನ್ನು ಅದು ಹಾಕಬೇಕಾಗುತ್ತದೆಂದು ಅವನು ಲೆಕ್ಕ ಹಾಕಿ ತೋರಿಸಿದನು. ರಟ್ಟೆಯ ಮಾಂಸದ ಹುರಿ ಮೊಣಕೈಯ ಕೀಲಿನಿಂದ ಸುಮಾರು ೪ ಸೆಂಟಿಮೀಟರು ದೂರದಲ್ಲಿ ಮುಂದೋಳಿನ ಎಲುಬಿಗೆ ಅಂಟಿದೆಯೆಂದೂ, ಅಂಗೈ ೩೨ ಸೆಂಟಿಮೀಟರು ದೂರದಲ್ಲಿದೆಯೆಂದೂ ಇಟ್ಟುಕೊಳ್ಳೋಣ. ಮೊಣಕೈಯನ್ನು ನೇರ ಕೋನದಲ್ಲಿ ಮಡಿಸಿ ಅಂಗೈಯ ಮೇಲೆ ೧ ಕಿಲೋ ತೂಕದ ಪುಸ್ತಕದ ಕಟ್ಟನ್ನು ಹಿಡಿದರೆ, ಮುಂದೋಳಿನ ಭಾರವನ್ನು ಬಿಟ್ಟರೂ ೮ ಕಿಲೋ ತೂಕಕ್ಕೆ ಸಮನಾದ ಬಲದಿಂದ ಮಾಂಸ ಎಳೆಯಬೇಕು. ನಷ್ಟವೇ? ಅಲ್ಲ. ಮಾಂಸ ೧ ಸೆಂಟಿಮೀಟರು ಗಿಡ್ಡವಾದರೆ ಅಂಗೈ ೮ ಸೆಂಟಿಮೀಟರು ಮೇಲೇಳುತ್ತದೆ. ಬಲವನ್ನು ತೆತ್ತು ವೇಗವನ್ನು ಕೊಂಡ ವ್ಯಾಪಾರವಿದು. ಗಣಿತದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಕೂಡಿ ಮಾಡಬಹುದಾದ ಪಾಠವಿದು.

ಇನ್ನು ‘ಸಂಕೋಚನ’ವೆಂಬ ಶಬ್ದ. ಮಾಂಸಖಂಡ ಕುಗ್ಗುತ್ತದೆ ಎಂಬುದು ಹೊರಗಿನಿಂದ ಕಂಡಂತೆ ನಿಜ. ಒಳಗಿನ ಎಳೆಗಳೂ ರಬ್ಬರಿನಂತೆ ಕುಗ್ಗುತ್ತವೆಯೆಂದು ಆ ಶಬ್ದದಿಂದ ಮಕ್ಕಳು ತಿಳಿಯುತ್ತಾರೆ. ಹಿಂದೆ ವಿದ್ವಾಂಸರೂ ಹಾಗೆ ಶಂಕಿಸಿದ್ದುಂಟು. ೧೯೫೪ರಲ್ಲಿ ಎರಡು ತಂಡಗಳು, ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್, ಬೇರೊಂದು ಸಂಗತಿಯನ್ನು ಹೊರಗೆಡಹಿದವು. ಮಾಂಸದ ತಂತುವಿನಲ್ಲಿ ದಪ್ಪ ಎಳೆಗಳೂ ಸಪೂರ ಎಳೆಗಳೂ ಸಾಲಾಗಿ ಜೋಡಿಸಿವೆ. ಯಾವ ಎಳೆಯೂ ತಾನು ಗಿಡ್ಡವಾಗುವುದಿಲ್ಲ. ಎರಡು ಕೈಗಳ ಬೆರಳುಗಳನ್ನು ಒಂದರ ನಡುವೆ ಒಂದು ತೂರಿಸಿದಂತೆ, ಅವು ಒಂದರೊಳಗೊಂದು ಜಾರಿ ಸೇರಿಕೊಳ್ಳುತ್ತವೆ. ದಪ್ಪ ಎಳೆಯ ಮೇಲಿನ ಸಣ್ಣ ಸಣ್ಣ ತಲೆಗಳು ಸಪೂರ ಎಳೆಯನ್ನು ಹಿಡಿದು, ಸೆಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುತ್ತವೆ. ಕಡಲ ದಡದಲ್ಲಿ ಬಲೆಯ ಹಗ್ಗವನ್ನು ಎಳೆಯುವವರ ಕೈಗಳನ್ನು ಕಂಡವರಿಗೆ ಇದು ಹೊಸತಲ್ಲ. ಹಗ್ಗ ಗಿಡ್ಡವಾಗುವುದಿಲ್ಲ, ಎಳೆಯುವವರೂ ಗಿಡ್ಡವಾಗುವುದಿಲ್ಲ. ಬಲೆ ಮಾತ್ರ ದಡಕ್ಕೆ ಬರುತ್ತದೆ. ‘ಜಾರು’, ‘ಹಿಡಿ’, ‘ಸೆಳೆ’, ‘ಬಿಡು’: ಇಪ್ಪತ್ತನೆಯ ಶತಮಾನದ ಆ ದೊಡ್ಡ ಶೋಧವನ್ನು ಹೇಳುವುದಕ್ಕೆ ಬೇಕಾದ ಕ್ರಿಯಾಪದಗಳೆಲ್ಲ ನಮ್ಮ ಅಡುಗೆಮನೆಯಲ್ಲಿಯೂ ಅಂಗಳದಲ್ಲಿಯೂ ಇವೆ.

ಕೊನೆಗೆ ಎಣಿಕೆಯ ಮಾತು. ೨೦೬ ಎಂಬ ಸಂಖ್ಯೆಯನ್ನು ನಾನು ಹಳಿಯುವುದಿಲ್ಲ. ಆದರೆ ಅದು ಬೆಳೆದವರ ಎಣಿಕೆ. ಹುಟ್ಟಿದ ಮಗುವಿನಲ್ಲಿ ೩೦೦ರಷ್ಟು ಬಿಡಿ ತುಂಡುಗಳಿದ್ದು, ಬೆಳೆಯುತ್ತ ಕೆಲವು ಕೂಡಿಕೊಳ್ಳುತ್ತವೆ. ತರಗತಿಯಲ್ಲಿ ಕುಳಿತು ೨೦೬ ಎಂದು ಬರೆಯುವ ಹನ್ನೆರಡು ವರ್ಷದ ಹುಡುಗಿಯ ಮೈಯಲ್ಲಿ ಆ ಸಂಖ್ಯೆ ಇನ್ನೂ ನಿಜವಾಗಿಲ್ಲ! ಚರಕಸಂಹಿತೆ ೩೬೦ ಎನ್ನುತ್ತದೆ, ಸುಶ್ರುತಸಂಹಿತೆ ೩೦೦ ಎನ್ನುತ್ತದೆ. ಹಲ್ಲುಗಳನ್ನೂ, ಚರಕನ ಪಟ್ಟಿಯಲ್ಲಿ ಉಗುರುಗಳನ್ನೂ, ಎಣಿಕೆಗೆ ಸೇರಿಸಿದ್ದು ಈ ವ್ಯತ್ಯಾಸಕ್ಕೆ ಒಂದು ಕಾರಣ. ಎಷ್ಟು ಎಂಬ ಪ್ರಶ್ನೆಗೆ ಮುಂಚೆ ಯಾವುದನ್ನು ಎಲುಬೆನ್ನುವೆವು ಎಂಬ ಪ್ರಶ್ನೆ ಬರಬೇಕು. ಪರೀಕ್ಷೆಯವರು ಎರಡನೆಯದನ್ನು ಕೇಳುವುದಿಲ್ಲ; ಅಧ್ಯಾಪಕರು ಕೇಳಬಹುದು.

ಹಾಗಾದರೆ ಸಂಸ್ಕೃತದ ಪರಿಭಾಷೆಯನ್ನೆಲ್ಲ ತೊಡೆದು ಹಾಕೋಣವೆ? ಕೆಲವರು ಅಚ್ಚಗನ್ನಡವೇ ಆಗಲಿ ಎನ್ನುವರು. ಕೆಲವರು ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಳ್ಳೋಣ, ಮುಂದೆ ಕಾಲೇಜಿನಲ್ಲಿ ಬೇಕಾಗುತ್ತದೆ ಎನ್ನುವರು. ಎರಡು ಮಾತಿನಲ್ಲಿಯೂ ಸತ್ಯದ ಅಂಶವಿದೆ. ಆದರೆ ಹೆಸರು ಬದಲಾದ ಮಾತ್ರಕ್ಕೆ ರೋಗ ವಾಸಿಯಾಗದು. ‘ಲಿಗಮೆಂಟು ಚಲನೆಗೆ ಸಹಾಯ ಮಾಡುತ್ತದೆ’ ಎಂದರೂ ಮಗು ಅಲ್ಲಿಯೇ ನಿಂತಿರುತ್ತದೆ. ಪುಸ್ತಕದಲ್ಲಿರುವ ಸ್ನಾಯು, ಸ್ನಾಯುರಜ್ಜು, ಅಸ್ಥಿರಜ್ಜುಗಳು ಇರಲಿ. ಅವುಗಳ ಪಕ್ಕದಲ್ಲಿ ನಾವು ಮೂರು ಸಣ್ಣ ವಾಕ್ಯಗಳನ್ನು ನಿಲ್ಲಿಸೋಣ: ಎಳೆಯುವುದು ಮಾಂಸ. ಮಾಂಸವನ್ನು ಎಲುಬಿಗೆ ಕಟ್ಟುವುದು ಹುರಿ. ಎಲುಬನ್ನು ಎಲುಬಿಗೆ ಕಟ್ಟುವುದು ಬಂಧ. ಈ ಮೂರು ವಾಕ್ಯಗಳನ್ನು ಮೈಮೇಲೆ ತೋರಿಸಬಲ್ಲ ಹುಡುಗನು ಯಾವ ಭಾಷೆಯ ಆಸ್ಪತ್ರೆಗೆ ಹೋದರೂ ತನ್ನ ನೋವನ್ನು ಸರಿಯಾದ ಜಾಗದಲ್ಲಿ ತೋರಿಸುವನು. ಶಬ್ದ ಬದಲಾದರೆ ಅವನು ಕಂಗೆಡುವುದಿಲ್ಲ, ಏಕೆಂದರೆ ಅವನ ಹಿಡಿತ ಶಬ್ದದ ಮೇಲಿಲ್ಲ, ಅಂಗದ ಮೇಲಿದೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದು ಒಳನಾಡಿನ ಮಕ್ಕಳಿಗಿಂತ ಹೆಚ್ಚು ಅಗತ್ಯ. ಹೋಲಿಸಿ ನೋಡುವ ಅಭ್ಯಾಸವಿರುವುದರಿಂದ ಹೆಚ್ಚು ಸುಲಭವೂ ಹೌದು. ಪೇಶಿ, ಕಂಡರಮು, ತಸೈ, ಸ್ನಾಯು ಎಂದು ಕರಿಹಲಗೆಯ ಮೇಲೆ ಸಾಲಾಗಿ ಬರೆದು, “ಇವ್ಯಾವುವು ನಿಮ್ಮ ಕಾಲಿನಲ್ಲಿ ಎಲ್ಲಿವೆ, ತೋರಿಸಿರಿ” ಎಂದು ಕೇಳಬಲ್ಲ ಅಧ್ಯಾಪಕರು ಗಡಿಯ ಶಾಲೆಯಲ್ಲಲ್ಲದೆ ಬೇರೆಲ್ಲಿ ಸಿಕ್ಕಾರು?

ಆದುದರಿಂದ ಅಧ್ಯಾಪಕಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ. ಶರೀರಪಾಠದ ಯಾವ ವಾಕ್ಯವನ್ನಾದರೂ ಬರೆಯಿಸುವ ಮುಂಚೆ ಮೂರು ಪ್ರಶ್ನೆಗಳನ್ನು ಹಾಕಿ ನೋಡಿರಿ. ಇದರಲ್ಲಿನ ಹೆಸರನ್ನು ಮಗು ತನ್ನ ಮೈಮೇಲೆ ಮುಟ್ಟಿ ತೋರಿಸಬಲ್ಲುದೆ? ಇದರ ಕ್ರಿಯಾಪದ ಆ ಅಂಗಕ್ಕೇ ಸಲ್ಲುವ ಕೆಲಸವನ್ನು ಹೇಳುತ್ತದೆಯೆ? ಇದರ ಉಪಮೆ ಎಲ್ಲಿ ನಿಲ್ಲುತ್ತದೆಂದು ನನಗೆ ಗೊತ್ತೆ? ವಿದ್ಯಾರ್ಥಿಗಳೂ ತಮ್ಮ ಪುಸ್ತಕದ ಒಂದು ಪುಟವನ್ನು ಈ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿ ನೋಡಲಿ, ಅದೂ ವಿಮರ್ಶೆಯೇ.

ನನ್ನ ಆ ಹಳೆಯ ವಿದ್ಯಾರ್ಥಿ ಈಗ ಸಂಸಾರವಂದಿಗ. ಕಳೆದ ವರ್ಷ ಅವನ ಮಗಳು ನಮ್ಮೂರ ಶಾಲೆಗೆ ಸೇರಿದಳು. ಎದುರಿಗೆ ಸಿಕ್ಕಾಗಲೆಲ್ಲ ಅವನು ಕೈಯೆತ್ತಿ ನಮಸ್ಕರಿಸುತ್ತಾನೆ. ಏನನ್ನಾದರೂ ಕೊಡಹೋದರೆ ಅಂಗೈ ಮೇಲ್ಮುಖವಾಗಿ ಪೂರ್ತಿ ತಿರುಗದೆ ಅರ್ಧಕ್ಕೆ ನಿಲ್ಲುತ್ತದೆ. ಆಗ ಅವನು ನಕ್ಕು ಎಡಗೈಯನ್ನೂ ಜೋಡಿಸುತ್ತಾನೆ. ಅವನ ಮಗಳ ತರಗತಿಯಲ್ಲಿ ಈ ಪಾಠ ಬರುವ ಹೊತ್ತಿಗೆ ಅದರ ಗದ್ಯ ಇನ್ನಷ್ಟು ಸರಿಹೋಗಿರಲಿ ಎಂಬುದೇ ಈ ಬರಹದ ಆಶಯ.